ರಾತ್ರಿ ಓದಾಕ ಒಂದು ಜಾಗ

ಕಲಬುರಗಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ, ಜೇವರ್ಗಿ ಬಿಟ್ಟು ಮುಂದೆ ಹೋದರೆ ನೆಲೋಗಿ ಕ್ರಾಸ್ ಬರುತ್ತದೆ. ಸುತ್ತಲೂ ಎರೆ ಹೊಲ. ಹಂಗಾಮಿನಲ್ಲಿ ತೊಗರಿ, ಹತ್ತಿ, ಬಿಳಿಜೋಳ. ಈ ಊರಿನಿಂದ ಓದಲಿಕ್ಕೆಂದು ಹೊರಬಿದ್ದ ಒಬ್ಬರ ಹೆಸರು ಇಡೀ ನಾಡಿಗೆ ಗೊತ್ತು. 1936ರ ಡಿಸೆಂಬರ್ 25ರಂದು ಇಲ್ಲಿ ಹುಟ್ಟಿದ ಎನ್. ಧರ್ಮಸಿಂಗ್ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕಲಬುರಗಿಯಲ್ಲಿ ವಕೀಲರಾಗಿ, 2004ರಲ್ಲಿ ಮುಖ್ಯಮಂತ್ರಿಯಾದರು. 2017ರಲ್ಲಿ ತೀರಿಕೊಂಡಾಗ ಅಂತ್ಯಸಂಸ್ಕಾರ ನೆಲೋಗಿಯಲ್ಲೇ ಆಯಿತು.

ಅವರ ಕಾಲದ ಹುಡುಗರಿಗೆ ದೊಡ್ಡ ಓದು ಬೇಕೆಂದರೆ ಹೈದರಾಬಾದೇ ಗತಿ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ, ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಈಗ ಕಾಲೇಜು ಹತ್ತಿರವಾಗಿದೆ. ಆದರೂ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹುಡುಗರು ಡಿಗ್ರಿ ಮುಗಿದ ಮೇಲೂ ಚೀಲ ಹೆಗಲಿಗೇರಿಸಿ ಕಲಬುರಗಿಗೆ, ಧಾರವಾಡಕ್ಕೆ, ಬೆಂಗಳೂರಿನ ವಿಜಯನಗರಕ್ಕೆ ಹೋಗುತ್ತಲೇ ಇದ್ದಾರೆ. ಕೋಚಿಂಗಿಗೆ ಹೋಗುತ್ತಾರೆ ಅಂತ ಊರವರು ಹೇಳುತ್ತಾರೆ. ಅದು ಅರ್ಧ ನಿಜ. ಪಾಠ ಮೊಬೈಲಿನಲ್ಲಿ ಸಿಗುತ್ತದೆ, ಪುಸ್ತಕ ಅಂಚೆಯಲ್ಲಿ ಬರುತ್ತದೆ. ಅವರು ಹುಡುಕಿಕೊಂಡು ಹೋಗುವುದು ರಾತ್ರಿ ಹನ್ನೊಂದರ ಮೇಲೂ ಯಾರೂ ಎಬ್ಬಿಸದ ಒಂದು ಕುರ್ಚಿಯನ್ನು.

ಆ ಕುರ್ಚಿಯ ಸುತ್ತ ಒಂದು ವ್ಯವಸ್ಥೆಯೇ ಬೆಳೆದಿದೆ. ಅದಕ್ಕೆ ರೀಡಿಂಗ್ ರೂಮ್ ಅನ್ನುತ್ತಾರೆ, ಸ್ಟಡಿ ರೂಮ್ ಅನ್ನುತ್ತಾರೆ. ಕೆಲವು ಕಡೆ ಬೋರ್ಡಿನ ಮೇಲೆ ಲೈಬ್ರರಿ ಅಂತಲೇ ಇರುತ್ತದೆ. ಒಳಗೆ ಒಂದೆರಡು ದಿನಪತ್ರಿಕೆ ಬಿಟ್ಟರೆ ಪುಸ್ತಕ ಕಡಿಮೆ. ಪುಸ್ತಕ ಓದುವವರದು, ಜಾಗ ಮಾಲೀಕರದು. ಮೊದಲ ಮಹಡಿಯಲ್ಲೋ ಎರಡನೆಯದರಲ್ಲೋ ಒಂದು ಉದ್ದನೆಯ ಹಾಲ್, ಅದರ ತುಂಬ ಸಾಲು ಸಾಲಾಗಿ ಪ್ಲೈವುಡ್ಡಿನ ಗೂಡುಗಳು. ಒಂದೊಂದು ಗೂಡಿಗೂ ನಂಬರು, ಒಂದು ಪುಟ್ಟ ದೀಪ, ಚಾರ್ಜರ್ ಚುಚ್ಚಲಿಕ್ಕೆ ಒಂದು ಪಾಯಿಂಟು. ಬಾಡಿಗೆ ತಿಂಗಳ ಲೆಕ್ಕ. ಹಗಲಿಗೆ ಒಂದು ದರ, ರಾತ್ರಿಗೆ ಒಂದು, 24 ತಾಸಿಗೆ ಇನ್ನೊಂದು. ಎ.ಸಿ. ಇದ್ದರೆ ಹೆಚ್ಚು. ಲಾಕರ್ ಬೇಕಾದರೆ ಅದಕ್ಕೆ ಬೇರೆ.

ರಾತ್ರಿ ಹತ್ತರ ಮೇಲೆ ಇಂಥ ಕಡೆ ಕಾಲಿಟ್ಟರೆ ಮೊದಲು ಕಾಣುವುದು ಮೆಟ್ಟಿಲ ಬುಡದ ಚಪ್ಪಲಿ ರಾಶಿ. ಒಳಗೆ ಫ್ಯಾನಿನ ಸದ್ದು, ಹಾಳೆ ಮಗುಚುವ ಸದ್ದು, ಅಷ್ಟೇ. ಒಂದು ಗೂಡಿನ ಗೋಡೆಗೆ ಸಂವಿಧಾನದ ಅನುಚ್ಛೇದಗಳ ಪಟ್ಟಿ ಅಂಟಿಸಿದೆ, ಅದರ ಪಕ್ಕದಲ್ಲಿ ಪರೀಕ್ಷೆಗೆ ಉಳಿದ ದಿನಗಳ ಲೆಕ್ಕ, ದಿನಕ್ಕೊಂದು ಗೀಟು. ಕುರ್ಚಿಯ ಬೆನ್ನಿಗೆ ಟವೆಲ್ಲು. ಕಾಲಬುಡದಲ್ಲಿ ನೀರಿನ ಬಾಟಲಿ, ಬಟ್ಟೆಯ ಗಂಟಿನಲ್ಲಿ ಊರಿಂದ ಬಸ್ಸಿನಲ್ಲಿ ಬಂದ ಕಟಿರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ. ಮೊಬೈಲ್ ಗುಂಯ್ ಅಂದರೆ ಹುಡುಗ ಎದ್ದು ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಾನೆ. “ಉಂಡಿ ಏನಪ್ಪಾ?” “ಹೂಂ ಯವ್ವಾ, ಉಂಡೀನಿ. ನೀ ಮಕ್ಕೋ.” “ಭಾಳ ನಿದ್ದಿಗೆಡಬ್ಯಾಡ.” ಇಷ್ಟೇ ಮಾತು. ಮತ್ತೆ ಬಂದು ಕೂರುತ್ತಾನೆ. ಬೆಳಗಿನ ಜಾವ ನೋಡಿದರೆ ನಾಲ್ಕಾರು ಜನ ಪುಸ್ತಕದ ಮೇಲೇ ತಲೆಯಿಟ್ಟು ಮಲಗಿರುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಈ ಕೋಣೆಗಳ ಬರೆಯದ ನಿಯಮ ಅದು.

ಇಷ್ಟು ಕಷ್ಟ ಯಾಕೆ, ಮನೆಯಲ್ಲೇ ಓದಬಾರದೇ ಅಂತ ಕೇಳುವವರು ನಮ್ಮ ಸೀಮೆಯ ಮನೆಯನ್ನು ಒಮ್ಮೆ ನೋಡಬೇಕು. ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಕೋಣೆ. ಅಪ್ಪ-ಅವ್ವ ಹೊಲದಿಂದ ಬಂದು ಉಂಡು ಒಂಬತ್ತಕ್ಕೆಲ್ಲ ಮಲಗುವವರು, ನಸುಕಿನಲ್ಲಿ ಏಳುವವರು. ಮಗ ದೀಪ ಹಚ್ಚಿಕೊಂಡು ಕೂತರೆ ಮನೆಯವರಿಗೆಲ್ಲ ನಿದ್ದೆಯಿಲ್ಲ. ಟೀವಿ ಹಚ್ಚಿದರೆ ಮಗನಿಗೆ ಓದಿಲ್ಲ. ನಾನು ಓದುವಾಗ ಚಿಮಣಿ ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಗಾಳಿಗೆ ಆರದಂತೆ ಮೂರು ಕಡೆ ಪುಸ್ತಕ ನಿಲ್ಲಿಸಿ ಗೋಡೆ ಮಾಡುತ್ತಿದ್ದೆ. ಮಳೆಗಾಲದಲ್ಲಿ ಅದೂ ಇಲ್ಲ. ಆಮೇಲೆ ಬಡವರ ಮನೆಗೆ ಭಾಗ್ಯಜ್ಯೋತಿಯ 40 ವ್ಯಾಟಿನ ಬಲ್ಬು ಬಂತು, ಹಳ್ಳಿ ಮನೆಗಳಿಗೆ ನಿರಂತರ ಜ್ಯೋತಿಯ ಪ್ರತ್ಯೇಕ ಲೈನು ಬಂತು, 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಕರೆಂಟು ಆಗಾಗ ಕೈಕೊಡುವುದು ಬೇರೆ ಮಾತು, ಬೆಳಕಿನ ಬಡತನ ಬಹಳಷ್ಟು ಹಿಂಗಿತು ಅಂತ ಒಪ್ಪಲೇಬೇಕು. ಓದುವವರು ಕೂರುವ ಜಾಗ ಮಾತ್ರ ಅಂದು ಎಷ್ಟಿತ್ತೋ ಇಂದೂ ಅಷ್ಟೇ ಇದೆ.

ಇದು ನಮ್ಮೊಬ್ಬರ ಕಥೆಯಲ್ಲ. ಬಿಹಾರದ ಸಾಸಾರಾಮ್ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ವರ್ಷಾನುಗಟ್ಟಲೆ ನೂರಾರು ಹುಡುಗರು ಗುಂಪು ಕೂತು ಪರೀಕ್ಷೆಗೆ ಓದಿದರು. ಅವರ ಊರುಗಳಲ್ಲಿ ಕರೆಂಟು ಸರಿಯಾಗಿ ಇರುತ್ತಿರಲಿಲ್ಲ, ರೈಲು ನಿಲ್ದಾಣದಲ್ಲಿ ರಾತ್ರಿಯಿಡೀ ದೀಪವಿತ್ತು. ಆಫ್ರಿಕಾದ ಗಿನಿ ದೇಶದಲ್ಲಿ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ರಾಜಧಾನಿ ಕೊನಾಕ್ರಿಯ ವಿಮಾನ ನಿಲ್ದಾಣದ ಕಾರು ನಿಲ್ಲಿಸುವ ಜಾಗಕ್ಕೆ ನಡೆದು ಹೋಗಿ ಅಲ್ಲಿನ ಕಂಬದ ದೀಪದಡಿ ಓದಿದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ದಕ್ಷಿಣ ಕೊರಿಯಾದಂಥ ಸಿರಿವಂತ ದೇಶದಲ್ಲೂ ಬಾಡಿಗೆಯ ಓದುಕೋಣೆಗಳಿವೆ, ಅವಕ್ಕೆ ದೊಕ್ಸೊಶಿಲ್ ಅಂತ ಹೆಸರು, ನಡುರಾತ್ರಿ ದಾಟುವವರೆಗೆ ಶಾಲಾ ಮಕ್ಕಳು ಅಲ್ಲಿ ಕೂರುತ್ತಾರೆ. ಅಷ್ಟು ದೂರವೂ ಬೇಡ. ಆಳಂದ, ಅಫಜಲಪುರದ ಗಡಿಗೆ ಅಂಟಿಕೊಂಡೇ ಸೋಲಾಪುರ ಜಿಲ್ಲೆ ಇದೆ. ಮಹಾರಾಷ್ಟ್ರದಲ್ಲಿ ಇಂಥ ಕೋಣೆಗೆ ಅಭ್ಯಾಸಿಕಾ ಅನ್ನುತ್ತಾರೆ. ಖಾಸಗಿಯವರು ಮಾತ್ರವಲ್ಲ, ನಗರಸಭೆಗಳು, ಓಣಿಯ ಮಂಡಳಿಗಳು ಕೂಡ ಅಭ್ಯಾಸಿಕಾ ನಡೆಸುತ್ತವೆ. ಓದುವವರಿಗೆ ಜಾಗ ಕೊಡುವುದು ಊರಿನ ಕೆಲಸ ಅನ್ನುವ ತಿಳಿವಳಿಕೆ ಅಲ್ಲಿ ಬೇರುಬಿಟ್ಟಿದೆ.

ನಮ್ಮಲ್ಲಿ ಆ ತಿಳಿವಳಿಕೆ ಇರಲಿಲ್ಲವೆಂದಲ್ಲ. ಮಠಗಳ ಪ್ರಸಾದ ನಿಲಯಗಳು ಮಾಡಿದ್ದು ಇದನ್ನೇ. ಅನ್ನದ ಮಾತನ್ನು ಎಲ್ಲರೂ ಆಡುತ್ತಾರೆ, ಸರಿಯೇ. ಆದರೆ ಅಲ್ಲಿ ಓದಿ ಬಂದ ಹಿರಿಯರನ್ನು ಕೇಳಿದರೆ ರಾತ್ರಿಯ ಸಾಮೂಹಿಕ ಓದಿನ ಹಾಲ್ ಅನ್ನೂ ಅಷ್ಟೇ ಪ್ರೀತಿಯಿಂದ ನೆನೆಯುತ್ತಾರೆ. ಒಬ್ಬ ತೂಕಡಿಸಿದರೆ ಪಕ್ಕದವನು ತಿವಿಯುತ್ತಿದ್ದ.

ಈಗಿನ ಹುಡುಗರ ರಾತ್ರಿಗಳಿಗೆ ಬೇರೆ ಒತ್ತಡವಿದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಯಾದ ಮೇಲೆ ಈ ಭಾಗದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ನಮ್ಮವರಿಗೇ ಮೀಸಲು. ಬಾಗಿಲು ತೆರೆದಿದೆ, ಒಳಗೆ ಹೋಗಲು ಪರೀಕ್ಷೆ ಪಾಸಾಗಬೇಕು. ಹಗಲಿನಲ್ಲಿ ಬಹಳ ಮಂದಿಗೆ ದುಡಿಮೆಯಿದೆ: ಅಂಗಡಿ, ಡೆಲಿವರಿ, ಅತಿಥಿ ಶಿಕ್ಷಕನ ಕೆಲಸ, ಊರಲ್ಲಿದ್ದರೆ ಹೊಲ. ಹಾಗಾಗಿ ಓದಿಗೆ ಉಳಿಯುವುದು ರಾತ್ರಿಯೇ. ಆ ರಾತ್ರಿಗಳ ಬೆಲೆ ಎಷ್ಟೆಂದು ತಿಳಿಯಬೇಕಾದರೆ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯನ್ನು ನೆನೆಸಿಕೊಳ್ಳಿ. 2021ರ ಅಕ್ಟೋಬರ್ 3ರಂದು ನಡೆದ ಆ ಪರೀಕ್ಷೆಯ ಅಕ್ರಮ ಕಲಬುರಗಿಯಿಂದಲೇ ಬಯಲಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ನೇಮಕವನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿದವರು ಮತ್ತೆ ಎರಡು ವರ್ಷ ಅದೇ ಗೂಡುಗಳಲ್ಲಿ ಕೂತರು, ಬಾಡಿಗೆ ಕಟ್ಟಿದರು. ಆ ನಷ್ಟವನ್ನು ಅವರಿಗೆ ಯಾರೂ ತುಂಬಿಕೊಡಲಿಲ್ಲ.

ಓದುಕೋಣೆಗಳ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಿದರೆ ತಪ್ಪಾಗುತ್ತದೆ. 2024ರ ಜುಲೈ 27ರ ಸಂಜೆ ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಒಂದು ಕೋಚಿಂಗ್ ಕಟ್ಟಡದ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಅಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಸಾಮಾನು ಇಡಲಿಕ್ಕೆ ಪರವಾನಗಿ ಪಡೆದ ಜಾಗದಲ್ಲಿ ಲೈಬ್ರರಿ ನಡೆದಿತ್ತು. ನಮ್ಮ ಊರುಗಳಲ್ಲೂ ಒಂದೇ ಮೆಟ್ಟಿಲು, ಒಂದೇ ಬಾಗಿಲು, ಕಿಟಕಿಗೆ ಪ್ಲೈವುಡ್ ಬಡಿದ ಹಾಲ್‌ಗಳಿವೆ. ಮಗ ಎಲ್ಲಿ ಓದುತ್ತಾನೆಂದು ತಂದೆತಾಯಿ ಒಮ್ಮೆ ಹೋಗಿ ನೋಡಬೇಕು, ಬೆಂಕಿ ಹತ್ತಿದರೆ ಹೊರಬರುವ ದಾರಿ ಯಾವುದೆಂದು ಕೇಳಬೇಕು.

ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಹೆಣ್ಣುಮಕ್ಕಳಿಗೆಂದು ಪ್ರತ್ಯೇಕ ಕೋಣೆ ಇಟ್ಟವರಿದ್ದಾರೆ, ಆದರೆ ಕೋಣೆಯಿಂದ ಹಾಸ್ಟೆಲ್ಲಿನವರೆಗಿನ ಅರ್ಧ ಕಿಲೋಮೀಟರು ಯಾರ ಲೆಕ್ಕಕ್ಕೂ ಇಲ್ಲ. ಎಂಟು ಹೊಡೆದರೆ ಎದ್ದು ಹೊರಡಬೇಕು. ಜತೆಯವನು ಎರಡರ ತನಕ ಓದುತ್ತಾನೆ. ಅದೇ ಪ್ರಶ್ನೆಪತ್ರಿಕೆ, ಅದೇ ಕಟಾಫ್. ಊರಲ್ಲೇ ಇದ್ದರೆ ಭಾಂಡಿ ತಿಕ್ಕಿ, ನಾಳೆಯ ಹಿಟ್ಟು ಸಾಣಿಸಿಟ್ಟು ಪುಸ್ತಕ ಹಿಡಿಯುವ ಹೊತ್ತಿಗೆ ಮನೆಯ ದೀಪ ಆರಿಸುವ ಹೊತ್ತಾಗಿರುತ್ತದೆ. ಓಣಿಯಲ್ಲೇ, ಕೂಗಿದರೆ ಮನೆಗೆ ಕೇಳುವಷ್ಟು ಹತ್ತಿರದಲ್ಲಿ ಓದುವ ಜಾಗ ಇದ್ದರೆ ಮಾತ್ರ ಈ ಹುಡುಗಿಯರಿಗೆ ರಾತ್ರಿ ದಕ್ಕುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಇದೇ ಕಾರಣಕ್ಕೆ ಓದುಕೋಣೆ ಪೇಟೆಯಿಂದ ಹಳ್ಳಿಗೆ ಬರಬೇಕು ಅನ್ನುತ್ತೇನೆ.

ಹೊಸದಾಗಿ ಕಟ್ಟುವ ಅಗತ್ಯವೂ ಹೆಚ್ಚಿನ ಕಡೆ ಇಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಜತೆ 6 ಪೈಸೆ ಗ್ರಂಥಾಲಯ ಕರ ಹೋಗುತ್ತದೆ. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ಗೋಡೆಗೆ ಬಣ್ಣ, ಕಂಪ್ಯೂಟರು, ಪುಟ್ಟ ಮಕ್ಕಳಿಗೆ ಮೂಲೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಹತ್ತು ವರ್ಷದ ಹಿಂದಿನ ದೂಳು ಹಿಡಿದ ಕೋಣೆಗಳನ್ನು ಕಂಡವರಿಗೆ ಇದು ನಿಜವಾದ ಸಂತೋಷ. ಆದರೆ ಹೊಲದಿಂದ, ಕೂಲಿಯಿಂದ, ಕಾಲೇಜಿನಿಂದ ಹುಡುಗರು ಊರಿಗೆ ಮರಳುವ ಹೊತ್ತಿಗೆ ಬಹುತೇಕ ಕಡೆ ಬಾಗಿಲಿಗೆ ಕೀಲಿ ಬಿದ್ದಿರುತ್ತದೆ. ಪಕ್ಕದಲ್ಲಿ ಶಾಲೆಯ ಕೋಣೆಗಳು, ಅವಕ್ಕೂ ಕೀಲಿ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಶೇ 42.43 ಪಡೆದ ಕಲಬುರಗಿ ಕಟ್ಟಕಡೆಗೆ. ಇದಕ್ಕೆ ಶಿಕ್ಷಕರ ಕೊರತೆ, ಗುಳೆ, ಬಡತನ ಅಂತ ಹತ್ತು ಕಾರಣಗಳಿವೆ. ಕೀಲಿ ತೆರೆದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳಲಾರೆ. ಆದರೆ ಉಳಿದ ಕಾರಣಗಳಿಗೆ ಬೆಂಗಳೂರಿನ ಆದೇಶ ಬೇಕು, ದುಡ್ಡು ಬೇಕು. ಇದನ್ನು ಊರೇ ಮಾಡಬಹುದು. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಶಾಲೆಯಲ್ಲೇ ಉಳಿದು ಮಕ್ಕಳನ್ನು ಓದಿಸುವ ಮೇಷ್ಟ್ರುಗಳು ಈಗಲೂ ನಮ್ಮಲ್ಲಿದ್ದಾರೆ. ಅವರ ಹಿಂದೆ ಊರು ನಿಲ್ಲಬೇಕು. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗುತ್ತದೆ. ಒಂದೂವರೆ ತಾಸು ಮನೆಮನೆಯ ಟೀವಿ, ಮೊಬೈಲ್ ಬಂದ್, ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಆ ಸೈರನ್ನಿಗೆ ಸರ್ಕಾರದ ಯೋಜನೆ ಬೇಕಾಗಲಿಲ್ಲ, ಊರ ಜನ ಕೂತು ಮಾಡಿಕೊಂಡ ಠರಾವು ಸಾಕಾಯಿತು.

ಅರಿವು ಕೇಂದ್ರದ ಮೇಲ್ವಿಚಾರಕರ ಮೇಲೆ ರಾತ್ರಿಯ ಹೊರೆ ಹಾಕುವುದು ಬೇಡ. ಅವರಿಗೆ ಬರುವ ಸಂಬಳಕ್ಕೆ ಹಗಲಿನ ಕೆಲಸವೇ ಹೆಚ್ಚು. ಓದುವ ಹುಡುಗರಲ್ಲೇ ಇಬ್ಬರ ಹೆಸರಿಗೆ ಕೀಲಿ, ಒಂದು ಹಾಜರಿ ಪುಸ್ತಕ, ಹೆಣ್ಣುಮಕ್ಕಳು ಕೂರುವ ಹೊತ್ತಿಗೆ ಓಣಿಯ ಇಬ್ಬರು ತಾಯಂದಿರು, ಕರೆಂಟು ಹೋದರೆ ಒಂದು ಇನ್ವರ್ಟರು. ಖರ್ಚು ಇಷ್ಟೇ.

ನೆಲೋಗಿಯವರೇ, ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳವರೇ, ಬರುವ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಒಬ್ಬರಾದರೂ ಎದ್ದು ನಿಂತು ಅರಿವು ಕೇಂದ್ರವನ್ನು ರಾತ್ರಿ ಹತ್ತರವರೆಗೆ ತೆರೆಯಬೇಕೆಂದು ಕೇಳಿ. ಪಿಡಿಒ ಅವರಿಗೆ ಅರ್ಜಿ ಕೊಟ್ಟು, ಠರಾವು ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿಗೆ ಬರುತ್ತದೆ. ಅದಕ್ಕೆ ಮೊದಲು ಕೀಲಿ ತೆಗೆಸಿ.