ಒಂದು ಸರ್ಪ, ಎರಡು ಸರ್ಪ, ಒಂದು ಕೆಂಪು ಗುರುತು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಔಷಧದ ಅಂಗಡಿಗಳಿಂದ ಹೊರಟು, ಹುಮನಾಬಾದಿನ ದಾರಿ ಹಿಡಿದು, ಕೆಂಪು ಬಾಳೆಗೆ ಹೆಸರಾಂತ ಕಮಲಾಪುರವನ್ನು ಸೇರುವಷ್ಟರಲ್ಲಿ, ದವಾಖಾನೆಗಳ ಫಲಕಗಳನ್ನು ಗಮನವಿಟ್ಟು ನೋಡುವವನಿಗೆ ದಂಡವನ್ನು ಸುತ್ತಿದ ಸರ್ಪವೂ ಕೆಂಪು ಅಡ್ಡಗುರುತೂ ಮತ್ತೆ ಮತ್ತೆ ಎದುರಾಗುವುವು.

ಗ್ರೀಕರ ವೈದ್ಯದೇವತೆಯಾದ ಆಸ್ಕ್ಲೀಪಿಯಸ್ಸನ ಕೈಯಲ್ಲಿದ್ದುದು ಒಂದೇ ಸರ್ಪವು ಸುತ್ತಿಕೊಂಡ ಊರುಗೋಲು; ಪೊರೆ ಕಳಚಿ ಹೊಸದಾಗುವ ಆ ಪ್ರಾಣಿಯಲ್ಲಿ ಪ್ರಾಚೀನರು ರೋಗಮುಕ್ತಿಯ ಸಂಕೇತವನ್ನು ಕಂಡರು, ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿಯೂ ಅದೇ ಇದೆ. ರೆಕ್ಕೆಗಳುಳ್ಳ, ಎರಡು ಸರ್ಪಗಳ ದಂಡವಾದರೋ ವಾಣಿಜ್ಯಕ್ಕೂ ದೌತ್ಯಕ್ಕೂ ಅಧಿದೇವತೆಯಾದ ಹರ್ಮೀಸನದು. 1902ರಲ್ಲಿ ಅಮೆರಿಕದ ಸೇನೆಯ ವೈದ್ಯದಳವು ಅದನ್ನು ಸ್ವೀಕರಿಸಿದ ತರುವಾಯ ವೈದ್ಯರ ಚಿಹ್ನೆಯೆಂದು ಹರಡಿತು. ಅರಳಿಕಟ್ಟೆಯ ನಾಗರಕಲ್ಲಿನಲ್ಲಿ ಹೆಣೆದುಕೊಂಡ ಜೋಡಿ ನಾಗಗಳಿಗೆ ಸಂತಾನಕ್ಕಾಗಿ ಹರಕೆ ಹೊತ್ತು ಹಾಲೆರೆಯುವ ನಮ್ಮ ಜನಕ್ಕೆ ಈ ಜೋಡಿ ಪರಕೀಯವೆನ್ನಿಸದಿರುವುದು ಸಹಜವೇ. ಆದರೆ ಇದು ರೂಪಸಾಮ್ಯವೇ ಹೊರತು ವಂಶಸಂಬಂಧವಲ್ಲ.

ಔಷಧಶಾಲೆಗೆ ನಿಜವಾಗಿ ಒಪ್ಪುವ ಚಿಹ್ನೆಯೆಂದರೆ, ನನ್ನ ಮಟ್ಟಿಗೆ, ಮದ್ದು ಕುಟ್ಟಿ ಅರೆಯುವ ಖಲಬತ್ತ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಗಿ, ಆಮೇಲೆ ನಿಜಾಮರ ಆಳ್ವಿಕೆಯನ್ನೂ ಕಂಡ ಕಲಬುರಗಿಯಲ್ಲಿ ಹಕೀಮರ ಹಾವನ್‌ದಸ್ತಾ, ರಸಶಾಸ್ತ್ರದ ಖಲ್ವ, ಅಜ್ಜಿಯರು ಶುಂಠಿ ಜಜ್ಜುವ ಕಲ್ಲು, ಇವೆಲ್ಲವೂ ಒಂದೇ ಕಾರ್ಯವನ್ನು ಸಾಧಿಸಿದವು. ಪಾಶ್ಚಾತ್ಯ ಔಷಧಗಾರರೂ ಶತಮಾನಗಳಿಂದ ಅದನ್ನೇ ತಮ್ಮ ಫಲಕಗಳಲ್ಲಿ ಬಿಡಿಸಿದರು. ಯಾವ ದೇವತೆಯ ಕಥೆಯ ಆಶ್ರಯವನ್ನೂ ಬೇಡದೆ, ಕೆಲಸದಿಂದಲೇ ಹುಟ್ಟಿದ ಚಿಹ್ನೆ ಇದು.

ಕೆಂಪು ಗುರುತಿನ ಸಂಗತಿ ಮಾತ್ರ ಬೇರೆ. 1859ರ ಸೊಲ್ಫೆರಿನೋ ಕದನದಲ್ಲಿ ಆರೈಕೆಯಿಲ್ಲದೆ ನರಳುತ್ತಿದ್ದ ಗಾಯಾಳುಗಳನ್ನು ಕಂಡು ಮರುಗಿದ ಆನ್ರಿ ಡ್ಯೂನಾನನ ಪ್ರಯತ್ನದ ಫಲವಾಗಿ, 1864ರ ಆಗಸ್ಟ್ 22ರಂದು ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಸ್ವಿಟ್ಜರ್ಲೆಂಡಿನ ಧ್ವಜದ ವರ್ಣಗಳನ್ನು ಅದಲುಬದಲು ಮಾಡಿದಂಥ ಈ ಚಿಹ್ನೆಯನ್ನು ಯುದ್ಧಭೂಮಿಯಲ್ಲಿ ಶುಶ್ರೂಷಕರ ರಕ್ಷಣೆಗೆಂದು ಅಂಗೀಕರಿಸಿದವು. ಇದನ್ನು ಹೊತ್ತವರ ಮೇಲೆ ಗುಂಡು ಹಾರಿಸಕೂಡದೆಂಬುದೇ ಇದರ ಅರ್ಥ. ಚಿಕಿತ್ಸೆ ಇಲ್ಲಿ ದೊರೆಯುತ್ತದೆಂಬುದಲ್ಲ. ಕಂಡಕಂಡಲ್ಲಿ ಬಳಸಿದರೆ ಪ್ರಾಣ ಕಾಯುವ ಅದರ ಶಕ್ತಿಯೇ ಕುಂದೀತೆಂದು, ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಅಧಿನಿಯಮವು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಯಾವ ಉದ್ದೇಶಕ್ಕೂ ಬಳಸಲಾಗದೆಂದು ವಿಧಿಸಿ, ತಪ್ಪಿದವರಿಗೆ ದಂಡವನ್ನೂ ಗೊತ್ತುಪಡಿಸಿದೆ.

ಆದುದರಿಂದ ಕಲಬುರಗಿಯ, ಕಮಲಾಪುರದ ಔಷಧ ವ್ಯಾಪಾರಿಗಳಲ್ಲಿಯೂ ವೈದ್ಯಮಿತ್ರರಲ್ಲಿಯೂ ನನ್ನ ವಿನಂತಿ ಇಷ್ಟೇ: ಫಲಕಕ್ಕೆ ಮುಂದೆ ಬಣ್ಣ ಬಳಿಸುವಾಗ ಆ ಕೆಂಪು ಗುರುತನ್ನು ಅಳಿಸಿ, ಅಂಗಡಿಯಾದರೆ ಖಲಬತ್ತವನ್ನೋ ಹಸಿರು ಅಡ್ಡಗುರುತನ್ನೋ, ದವಾಖಾನೆಯಾದರೆ ಒಂಟಿ ಸರ್ಪದ ದಂಡವನ್ನೋ ಬರೆಯಿಸಿರಿ.