ಬದು ದಾಟುವ ಬೆಂಕಿ

ಕಬ್ಬು ಕಡಿದು ಟ್ರ್ಯಾಕ್ಟರ್ ಕಾರ್ಖಾನೆಯ ಹಾದಿ ಹಿಡಿದ ಮೇಲೆ ಹೊಲದಲ್ಲಿ ಉಳಿಯುವುದು ರವದಿ. ಎಕರೆಗೆ ಮೂರು-ನಾಲ್ಕು ಟನ್ ಒಣ ಎಲೆ. ಹುಮನಾಬಾದ್, ಬಸವಕಲ್ಯಾಣ ಸೀಮೆಯ ನೀರಾವರಿ ಹೊಲಗಳಲ್ಲಿ ಕಬ್ಬು ನುರಿಯುವ ಹಂಗಾಮಿನ ಉದ್ದಕ್ಕೂ ಈ ರವದಿಗೆ ಕಡ್ಡಿ ಗೀರುವುದು ಮಾಮೂಲಿ ಕೆಲಸ. ಅದೇ ದಿನಗಳಲ್ಲಿ ತೊಗರಿ ರಾಶಿ ಮುಗಿದು ಕಟ್ಟಿಗೆ ಬದುವಿಗೆ ಬಿದ್ದಿರುತ್ತದೆ. ಸೋಯಾ ಹೊಟ್ಟಿನ ಬಣವೆ ಮೂಲೆಯಲ್ಲಿ ಕುಳಿತಿರುತ್ತದೆ. ಹಿಂಗಾರಿ ಜೋಳ ಒಣಗುತ್ತ ಬಂದು, ಅದರ ಕಣಿಕೆಯೇ ದನಗಳ ಬೇಸಿಗೆಯ ಮೇವು ಎಂದು ಮನೆಯವರು ಲೆಕ್ಕ ಹಾಕಿರುತ್ತಾರೆ. ಒಬ್ಬರು ಕಸವೆಂದು ಸುಡುವುದಕ್ಕೂ ಇನ್ನೊಬ್ಬರು ವರ್ಷಕ್ಕೆಂದು ಕೂಡಿಟ್ಟದ್ದಕ್ಕೂ ನಡುವೆ ಇರುವುದು ಎರಡು ಮಾರು ಅಗಲದ ಬದು, ಅದರ ಮೇಲೂ ಒಣ ಹುಲ್ಲು.

ಹೊಲ ಸುಡುವ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಹೊಗೆಯ ಸುತ್ತಲೇ ತಿರುಗುತ್ತದೆ. ಪಂಜಾಬಿನ ಭತ್ತದ ಹುಲ್ಲು, ದಿಲ್ಲಿಯ ಮಬ್ಬು, ಟಿವಿಯಲ್ಲಿ ಉಪಗ್ರಹದ ಚಿತ್ರ. ಹೊಗೆ ಸಣ್ಣ ವಿಷಯವೆಂದಲ್ಲ. ಆದರೆ ಬೀದರ್ ಜಿಲ್ಲೆಯ ರೈತನಿಗೆ ಅದಕ್ಕಿಂತ ಮೊದಲ ಪ್ರಶ್ನೆ ಬೇರೆ: ಈ ಬೆಂಕಿ ಬದು ದಾಟುತ್ತದೆಯೇ, ಇಲ್ಲವೇ? ಇದನ್ನು ತೀರ್ಮಾನಿಸುವುದು ಹಚ್ಚಿದವನ ಅನುಭವವಲ್ಲ, ಕೈಯಲ್ಲಿರುವ ಹಸಿ ಬೇವಿನ ಟೊಂಗೆಯೂ ಅಲ್ಲ. ಎಲೆಯೊಳಗಿನ ತೇವ, ಗಾಳಿ, ಮತ್ತು ನಡುವೆ ಬಿಟ್ಟ ಬರಿ ನೆಲ.

ಎಲೆಯಿಂದಲೇ ಶುರು ಮಾಡೋಣ. ಉರಿಯುವಾಗ ಜ್ವಾಲೆಯಾಗಿ ಕಾಣುವುದು ಎಲೆಯಲ್ಲ, ಎಲೆಯಿಂದ ಹೊರಟ ಅನಿಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎಲೆಯ ಸೆಲ್ಯುಲೋಸ್ ಮುರಿಯತೊಡಗುತ್ತದೆ, 300 ಡಿಗ್ರಿಯ ಆಸುಪಾಸಿನಲ್ಲಿ ಹೊರಬಂದ ಅನಿಲ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಎಲೆಯಲ್ಲಿರುವ ನೀರು ಆವಿಯಾಗಿ ಹೋಗಬೇಕು. ನೀರು ಇರುವಷ್ಟು ಹೊತ್ತು ಉಷ್ಣತೆ 100 ಡಿಗ್ರಿಯ ಹತ್ತಿರವೇ ತಡೆದು ನಿಲ್ಲುತ್ತದೆ. ಹಾಗಾಗಿ ಒಣ ಕಸದಲ್ಲಿ ಎಷ್ಟು ತೇವ ಉಳಿದಿದೆ ಎಂಬುದರ ಮೇಲೆ ಬೆಂಕಿಯ ನಡಿಗೆ ನಿಂತಿದೆ.

ಕಾಡ್ಗಿಚ್ಚು ಅಧ್ಯಯನ ಮಾಡುವವರು ಆರು ಮಿಲಿಮೀಟರಿಗಿಂತ ತೆಳುವಾದ ಒಣ ಎಲೆ-ಕಡ್ಡಿಗಳನ್ನು 'ಒಂದು ಗಂಟೆಯ ಇಂಧನ' ಎನ್ನುತ್ತಾರೆ. ಗಾಳಿಯ ತೇವಾಂಶ ಬದಲಾದರೆ ಸುಮಾರು ಒಂದು ಗಂಟೆಯೊಳಗೆ ಇವೂ ಬದಲಾಗುತ್ತವೆ. ರವದಿ ಪೂರ್ತಿ ಈ ಜಾತಿ. ಫೆಬ್ರವರಿಯ ಬೆಳಿಗ್ಗೆ ಆರು ಗಂಟೆಗೆ ಇಬ್ಬನಿ ಹೀರಿ ಮೆತ್ತಗಿರುವ ರವದಿಗೆ ಕಡ್ಡಿ ಗೀರಿದರೆ ಹೊಗೆಯಾಡಿ ಆರುತ್ತದೆ. ಅದೇ ರವದಿ ಮಧ್ಯಾಹ್ನ ಎರಡಕ್ಕೆ, ಗಾಳಿಯ ತೇವಾಂಶ ಶೇ 20ಕ್ಕೆ ಇಳಿದಾಗ, ತನ್ನೊಳಗೆ ಶೇ 5ರಷ್ಟು ನೀರನ್ನೂ ಉಳಿಸಿಕೊಂಡಿರುವುದಿಲ್ಲ. ಕೈಯಲ್ಲಿ ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾಗುವ ಹೊತ್ತು ಅದು. ಬಿಸಿಲಿಗೆ ಗಾಳಿಯೂ ಏಳುವುದು ಆಗಲೇ. ಗಾಳಿ ಬೆನ್ನಿಗಿದ್ದರೆ ಜ್ವಾಲೆ ಮುಂದಕ್ಕೆ ಬಾಗಿ, ಮುಂದಿನ ಎಲೆಯನ್ನು ಮುಟ್ಟುವ ಮೊದಲೇ ಕಾಯಿಸಿಟ್ಟಿರುತ್ತದೆ. ಎದುರಿಗಿದ್ದರೆ ಹಿಂದಕ್ಕೆ ಬಾಗಿ ತೆವಳುತ್ತದೆ. ಒಂದೇ ಹೊಲದಲ್ಲಿ ಒಂದೇ ದಿನ ಈ ಎರಡು ಬಗೆಯ ಬೆಂಕಿಯ ವೇಗದಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಬರಬಹುದು.

ಕಬ್ಬಿನ ಎಲೆಗೆ ಇನ್ನೊಂದು ಗುಣವಿದೆ. ಉರಿದ ಎಲೆ ಪೂರ್ತಿ ಬೂದಿಯಾಗುವ ಮೊದಲೇ ಕಪ್ಪು ಹಾಳೆಯಾಗಿ ಬಿಸಿಗಾಳಿಯೊಂದಿಗೆ ಮೇಲೇರುತ್ತದೆ. ಊರ ಮಾಳಿಗೆಯಲ್ಲಿ ಒಣಹಾಕಿದ ಬಟ್ಟೆಗೆ ಅಂಟುವ ಕಪ್ಪು ಎಸಳು ಇದೇ. ಬಹುಪಾಲು ಆರಿಯೇ ಬೀಳುತ್ತವೆ. ಅಂಚಿನಲ್ಲಿ ಕೆಂಪು ಉಳಿದ ಒಂದು ಎಸಳು ಬಣವೆಯ ನೆತ್ತಿಗೆ ಬಿದ್ದರೆ ಸಾಕು, ಬದು ಎಷ್ಟು ಅಗಲವಿದ್ದರೂ ಒಂದೇ.

ತೊಗರಿ ಕಟ್ಟಿಗೆಯ ಕಥೆ ಬೇರೆ. ಬೆರಳು ದಪ್ಪದ ಕಟ್ಟಿಗೆ ಬೇಗ ಹೊತ್ತುವುದಿಲ್ಲ, ಹೊತ್ತಿದರೆ ಬೇಗ ಆರುವುದೂ ಇಲ್ಲ. ಸಂಜೆ ಗಾಳಿ ತಣ್ಣಗಾದ ಮೇಲೆ ಹಚ್ಚಿ, ರಾತ್ರಿ ಊಟದ ಹೊತ್ತಿಗೆ ಜ್ವಾಲೆ ಅಡಗಿತೆಂದು ಮನೆಗೆ ಹೋಗುವವರೇ ಹೆಚ್ಚು. ಬೂದಿಯ ಕೆಳಗೆ ಕೆಂಡ ಬೆಳಗಿನ ತನಕ ಜೀವ ಹಿಡಿದಿರುತ್ತದೆ. ಮರುದಿನ ಮಧ್ಯಾಹ್ನದ ಗಾಳಿ ಬೂದಿ ಹಾರಿಸಿದಾಗ ಅಲ್ಲಿ ಯಾರೂ ಇರುವುದಿಲ್ಲ. 'ನಾನು ನಿನ್ನೆಯೇ ಆರಿಸಿ ಬಂದಿದ್ದೆ' ಎನ್ನುವ ಮಾತು ಸುಳ್ಳಲ್ಲ, ಜ್ವಾಲೆಯ ಮಟ್ಟಿಗೆ.

ಬೆಂಕಿ ಕೈಮೀರಿದರೆ ನೀರು ಹಾಕೋಣ ಎಂಬ ಧೈರ್ಯದ ಲೆಕ್ಕವನ್ನೂ ನೋಡಬೇಕು. ಸಾಮಾನ್ಯ ಅಗ್ನಿಶಾಮಕ ವಾಹನವೊಂದರ ತೊಟ್ಟಿ 4,500 ಲೀಟರಿನದು. ಒಂದು ಲೀಟರ್ ನೀರು ಬಿಸಿಯಾಗಿ ಪೂರ್ತಿ ಆವಿಯಾಗಲು ಸುಮಾರು 2.6 ಮೆಗಾಜೂಲ್ ಶಾಖ ಹೀರುತ್ತದೆ. ಒಂದು ಕಿಲೋ ಒಣ ರವದಿ ಉರಿದರೆ 16 ಮೆಗಾಜೂಲ್‌ನಷ್ಟು ಶಾಖ ಬಿಡುತ್ತದೆ. ತೊಟ್ಟಿಯ ನೀರೆಲ್ಲ ಒಂದು ಹನಿಯೂ ವ್ಯರ್ಥವಾಗದೆ ಆವಿಯಾಯಿತೆಂದೇ ಇಟ್ಟುಕೊಳ್ಳಿ, ಏಳು ಕ್ವಿಂಟಲ್ ರವದಿಯ ಶಾಖಕ್ಕೆ ಅದು ಸರಿಹೋಗುತ್ತದೆ. ಎಕರೆಯಲ್ಲಿರುವುದು ಮೂವತ್ತು-ನಲವತ್ತು ಕ್ವಿಂಟಲ್. ಬೆಂಕಿಯ ಅಂಚನ್ನಷ್ಟೇ ತಣಿಸಿದರೂ ಹರಡುವುದು ನಿಲ್ಲುವುದರಿಂದ ಅಗ್ನಿಶಾಮಕದವರ ಕೆಲಸ ಈ ಲೆಕ್ಕ ಹೇಳುವಷ್ಟು ಹತಾಶವಾದುದಲ್ಲ, ನಿಜ. ಆದರೆ ವಾಹನ ಬಸವಕಲ್ಯಾಣದಿಂದಲೋ ಹುಮನಾಬಾದಿನಿಂದಲೋ ಹೊರಟು ಹೊಲದ ದಾರಿ ಹುಡುಕಿ ಬರುವಷ್ಟರಲ್ಲಿ ಅಂಚು ಎಲ್ಲಿಗೆ ಮುಟ್ಟಿರುತ್ತದೆ? ಅದಕ್ಕೇ ಅನುಭವಸ್ಥರು ನೀರಿಗಿಂತ ಮಣ್ಣನ್ನು ನಂಬುತ್ತಾರೆ. ಬಣವೆಯ ಸುತ್ತ ಕುಂಟೆ ಹೊಡೆದು ಬರಿ ಮಣ್ಣಿನ ಪಟ್ಟಿ ಬಿಟ್ಟರೆ ನೆಲದ ಮೇಲೆ ತೆವಳಿ ಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ಹೆಚ್ಚೆಂದರೆ ಅರ್ಧ ಗಂಟೆಯ ಟ್ರ್ಯಾಕ್ಟರ್ ಕೆಲಸ.

ಬಣವೆಗೆ ಹೊರಗಿನವರು ಬೆಂಕಿ ಹಚ್ಚಲೇಬೇಕೆಂದೇನೂ ಇಲ್ಲ. ಈ ಭಾಗದಲ್ಲಿ ಸೋಯಾ ಕಟಾವಿಗೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮಳೆ ಇನ್ನೂ ಹಿಂದೆ ಮುಂದೆ ನೋಡುತ್ತಿರುವ ಕಾಲ. ಅರೆಬರೆ ಒಣಗಿದ ಹೊಟ್ಟನ್ನು, ಕಣಿಕೆಯನ್ನು ಅವಸರದಲ್ಲಿ ಒಟ್ಟಿದರೆ ಒಳಗೆ ಸೂಕ್ಷ್ಮಾಣುಗಳು ಕೆಲಸ ಶುರು ಮಾಡುತ್ತವೆ. ತೇವ ಶೇ 20 ಮೀರಿದ್ದರೆ ಅವಕ್ಕೆ ಹಬ್ಬ. ಅವು ಉಸಿರಾಡಿದ ಶಾಖ ಹೊಟ್ಟಿನ ದಪ್ಪ ಹೊದಿಕೆಯಿಂದ ಹೊರಬರಲಾರದೆ ನಡುವಿನ ಉಷ್ಣತೆ 55, 60, 70 ಡಿಗ್ರಿಗೆ ಏರುತ್ತದೆ. ಆ ಬಿಸಿಗೆ ಸೂಕ್ಷ್ಮಾಣುಗಳೇ ಸಾಯುತ್ತವೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಹೊಟ್ಟು ಮತ್ತು ಆಮ್ಲಜನಕದ ನಡುವೆ ನೇರ ರಾಸಾಯನಿಕ ಕ್ರಿಯೆ ಆರಂಭವಾಗಿರುತ್ತದೆ. ಅದಕ್ಕೆ ಜೀವಿಗಳ ಹಂಗಿಲ್ಲ. ಬಿಸಿ ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚು. ವಾರಗಳ ನಂತರ ಒಂದು ದಿನ ಬಣವೆ ತಾನಾಗಿ ಹೊತ್ತಿಕೊಂಡಾಗ ಊರಲ್ಲಿ ಹಗೆಯವರ ಹೆಸರು ಓಡಾಡತೊಡಗುತ್ತದೆ. ಬೀಡಿ ಸೇದಿದವನು, ಜಮೀನಿನ ವ್ಯಾಜ್ಯದವನು ಎಂದು ಸಂಶಯ ಸುತ್ತುತ್ತದೆ. ಕೆಲವು ಸಲ ಸಂಶಯ ನಿಜವೂ ಆಗಿರಬಹುದು. ಎಲ್ಲ ಸಲವೂ ಅಲ್ಲ.

ಪರೀಕ್ಷಿಸುವುದು ಸುಲಭ. ಉದ್ದನೆಯ ಕಬ್ಬಿಣದ ಸರಳನ್ನು ಬಣವೆಯ ನಡುವಿನ ತನಕ ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆದು ನೋಡಬೇಕು. ತುದಿಯನ್ನು ಕೈಯಲ್ಲಿ ಹಿಡಿಯಲಾಗದಿದ್ದರೆ ಒಳಗೆ ಅಪಾಯದ ಬಿಸಿ ಇದೆ. ಸುಟ್ಟ ಬೆಲ್ಲದಂಥ, ತಂಬಾಕಿನಂಥ ವಾಸನೆ ಬಂದರೂ ಅದೇ ಅರ್ಥ. ಇಲ್ಲಿ ಒಂದು ಎಚ್ಚರಿಕೆ: ಬಿಸಿ 80 ಡಿಗ್ರಿ ಮೀರಿದ ಬಣವೆಯನ್ನು ಗಾಬರಿಯಲ್ಲಿ ಕೆದರಬಾರದು, ಮೇಲೆ ಹತ್ತಲೂಬಾರದು. ಒಳಗೆ ಸುಟ್ಟು ಪೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ, ಕೆದರಿದರೆ ಹೊಸ ಗಾಳಿ ನುಗ್ಗಿ ಧಗ್ಗೆಂದು ಏಳುತ್ತದೆ. ಮೊದಲು 101 ಅಥವಾ 112ಕ್ಕೆ ಫೋನ್, ಆಮೇಲೆ ಉಳಿದದ್ದು.

ಇನ್ನು ಕಾಯಿದೆ. 2016ರ ಡಿಸೆಂಬರ್ 22ರಂದು ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ. ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ ಕಸ ಸುಡಕೂಡದು ಎಂದವು. ಆ ನಿಯಮಗಳನ್ನು ಬರೆದದ್ದು ಮುಖ್ಯವಾಗಿ ಪಟ್ಟಣಗಳಿಗೆ. ಬಸವಕಲ್ಯಾಣ ನಗರಸಭೆ, ಹುಮನಾಬಾದ್ ಪುರಸಭೆ ಅದರೊಳಗೆ ಬಂದವು, ಪಟ್ಟಣದ ಗಡಿ ದಾಟಿದ ಹೊಲ ಬರಲಿಲ್ಲ. ಬೆಳೆಯ ಉಳಿಕೆ ಸುಟ್ಟರೆ ಎಕರೆ ಲೆಕ್ಕದಲ್ಲಿ ದಂಡ ವಿಧಿಸುವ 2015ರ ಆದೇಶವಂತೂ ಪಂಜಾಬ್, ಹರಿಯಾಣದಂಥ ಉತ್ತರದ ರಾಜ್ಯಗಳಿಗಾಗಿ ಬಂದದ್ದು. ಹೀಗೆ ಕಲ್ಯಾಣದ ರವದಿ ಎರಡು ನಿಯಮಗಳ ನಡುವಿನ ಸಂದಿಯಲ್ಲಿ ಉರಿಯುತ್ತ ಬಂತು.

ಸಂದಿಯಿದ್ದರೂ ಹೊಣೆ ತಪ್ಪುವುದಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು, ಇತರರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಬೇಕೆಂದೇ ಬೆಳೆಗೆ ಬೆಂಕಿಯಿಟ್ಟರೆ 326ನೇ ಕಲಮಿನಡಿ ಏಳು ವರ್ಷದ ತನಕ. ಬಣವೆ ಕಳೆದುಕೊಂಡವನಿಗೆ ಕೃಷಿ ಇಲಾಖೆಯ ಪರಿಹಾರವೂ ಉಂಟು, ಗರಿಷ್ಠ 20,000 ರೂಪಾಯಿ.

ಕಾಯಿದೆಯ ಮಾತಿಗೆ ಬಸವಕಲ್ಯಾಣದಲ್ಲಿ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿಯೇ 'ಮಿತಾಕ್ಷರ' ಬರೆದ. ಆತ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಬೆಂಕಿಯಿಡುವವರ ಮೇಲೆ ಒಂದು ಶ್ಲೋಕವಿದೆ. ಹೊಲ, ಮನೆ, ಕಾಡು, ಊರುಗಳ ಜೊತೆಗೆ ಹುಲ್ಲುಗಾವಲನ್ನೂ ಕಣವನ್ನೂ ಅದು ಬಿಡದೆ ಹೆಸರಿಸುತ್ತದೆ. ಶಿಕ್ಷೆ ಭಯಂಕರ: ಸುಟ್ಟವನನ್ನು ಹುಲ್ಲಿನ ಬೆಂಕಿಯಲ್ಲೇ ಸುಡುವುದು. ಶಿಕ್ಷೆಯನ್ನು ಯಾರೂ ಮೆಚ್ಚಬೇಕಿಲ್ಲ. ಆದರೆ ಪಟ್ಟಿ ಮಾಡಿದವನಿಗೆ ಒಕ್ಕಲುತನದ ಬೆಂಕಿ ಎಲ್ಲಿ ನೋಯಿಸುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಇಂದಿನ ನಿಯಮಗಳು ಕಸವನ್ನು, ಹೊಗೆಯನ್ನು ಕಾಣುತ್ತವೆ. ಕಣ, ಮೇವು ಅವುಗಳ ಕಣ್ಣಿಗೆ ಬೀಳುವುದು ಅಪರೂಪ.

ಹೊಗೆಯ ಬಗ್ಗೆ ಎರಡು ಮಾತು. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಚಳಿಗಾಲದ ರಾತ್ರಿಗಳು ರಾಜ್ಯದಲ್ಲೇ ತೀರ ತಣ್ಣನೆಯವು. ಸಂಜೆ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿ, ಭಾರವಾಗಿ ಕೆಳಗೇ ಕೂರುತ್ತದೆ. ಆಗ ಹಚ್ಚಿದ ಬೆಂಕಿಯ ಹೊಗೆ ಮೇಲೇರದೆ ಮನೆಯ ಮಟ್ಟದಲ್ಲೇ ಹಾಸಿಕೊಳ್ಳುತ್ತದೆ. ಹುಮನಾಬಾದಿನ ಮೂಲಕ ಹಾಯುವ ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ರ ಪಕ್ಕದ ಹೊಲದಲ್ಲಿ ಇದಾದರೆ ಲಾರಿ ಚಾಲಕನಿಗೆ ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಕಾಣುವುದಿಲ್ಲ. ಟ್ರೇಲರಿನ ಹಿಂದೆ ದೀಪವೂ ಇರುವುದಿಲ್ಲ ಎನ್ನುವುದು ಇನ್ನೊಂದು ಲೇಖನಕ್ಕೆ ವಿಷಯ.

ಹಾಗಾದರೆ ರವದಿಯನ್ನು ಏನು ಮಾಡಬೇಕು? ಗೊಬ್ಬರ ಉಳಿಯುತ್ತದೆ, ಸುಡಬೇಡಿ ಎಂಬ ಉಪದೇಶ ರೈತನ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಕಾರಣವಿದೆ. ಟನ್ ರವದಿಯಲ್ಲಿ ಸಾರಜನಕ ಇರುವುದು ನಾಲ್ಕು ಕಿಲೋ ಆಸುಪಾಸು, ಸುಟ್ಟರೆ ಅದು ಬಹುಪಾಲು ಗಾಳಿಗೆ ಹೋಗುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಅರ್ಧದಿಂದ ಮುಕ್ಕಾಲು ಚೀಲ ಯೂರಿಯಾ. ಸಬ್ಸಿಡಿ ದರದಲ್ಲಿ ಪೂರ್ತಿ ಚೀಲಕ್ಕೇ 266 ರೂಪಾಯಿ ಚಿಲ್ಲರೆ. ಇಷ್ಟಕ್ಕಾಗಿ ಕೂಲಿ ಕೊಟ್ಟು ರವದಿ ಎಳೆಸುವವರು ಯಾರು? ನಿಜವಾದ ಲಾಭ ನೀರಿನಲ್ಲಿದೆ. ಕಪ್ಪು ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟು, ಆ ಬಿರುಕಿನಿಂದಲೇ ಆಳದ ತೇವ ಕಳೆದುಕೊಳ್ಳುತ್ತದೆ. ಸಾಲು ಬಿಟ್ಟು ಸಾಲಿಗೆ ಹಾಸಿದ ರವದಿ ಬಿಸಿಲನ್ನು ತಡೆದು, ಕೂಳೆ ಕಬ್ಬಿಗೆ ಎರಡು ನೀರಿನ ನಡುವಿನ ಅಂತರ ಹಿಗ್ಗಿಸುತ್ತದೆ. ಕಳೆಯೂ ಕಡಿಮೆ. ಬಾವಿಯ ನೀರು ಮಾರ್ಚಿನಲ್ಲಿ ತಳ ಕಾಣುವ ಸೀಮೆಯಲ್ಲಿ ಈ ಮಾತಿಗೆ ಬೆಲೆ ಹೆಚ್ಚು.

ಅಡ್ಡಿಗಳೂ ಸುಳ್ಳಲ್ಲ. ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆಯಾದ್ದರಿಂದ ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಸಾಲ ಎತ್ತುತ್ತವೆ. ಮೇಲೆ ಸ್ವಲ್ಪ ಯೂರಿಯಾ, ಟ್ರೈಕೋಡರ್ಮಾದಂಥ ಕೊಳೆಸುವ ಶಿಲೀಂಧ್ರ ಚೆಲ್ಲದಿದ್ದರೆ ಕೂಳೆ ಕೆಲಕಾಲ ಹಳದಿ ತಿರುಗುವುದುಂಟು. ಇಲಿ-ಹಾವಿನ ಹೆದರಿಕೆ ಇದೆ, ಹರಿನೀರು ರವದಿಗೆ ಸಿಕ್ಕಿ ಮುಂದೆ ಸಾಗದು. ಹನಿ ನೀರಾವರಿ ಇದ್ದವರಿಗೆ ಈ ತಾಪತ್ರಯ ಕಡಿಮೆ. ರವದಿ ಕತ್ತರಿಸಿ ಹರಡುವ ಯಂತ್ರ ಬಂದರೆ ಅರ್ಧ ಕಷ್ಟ ಕಳೆಯುತ್ತದೆ, ಆದರೆ ಎರಡೆಕರೆ ಕಬ್ಬಿನವನು ಅದನ್ನು ಕೊಳ್ಳಲಾರ, ಬಾಡಿಗೆಗೇ ಸಿಗಬೇಕು. ಅದೂ ಕಬ್ಬು ಕಡಿದ ವಾರದೊಳಗೆ, ಮುಂದಿನ ನೀರು ಬಿಡುವ ಮೊದಲು.

ನಿಂತ ಕಬ್ಬಿಗೇ ಬೆಂಕಿ ಹಚ್ಚಿ ಕಡಿಯುವುದಕ್ಕೆ ಇಂಥ ಸಬೂಬೂ ಇಲ್ಲ. ಸುಟ್ಟ ಕಬ್ಬಿನ ಸಿಪ್ಪೆ ಬಿರಿದಲ್ಲಿ ಬ್ಯಾಕ್ಟೀರಿಯಾ ಹೊಕ್ಕು ಸಕ್ಕರೆಯನ್ನು ಅಂಟು ಡೆಕ್‌ಸ್ಟ್ರಾನ್ ಆಗಿಸುತ್ತದೆ. ಒಂದೆರಡು ದಿನದೊಳಗೆ ಗಾಣಕ್ಕೆ ಹೋಗದಿದ್ದರೆ ಇಳುವರಿ ಇಳಿಯುತ್ತದೆ, ಕಾರ್ಖಾನೆಗಳು ಸುಟ್ಟ ಕಬ್ಬಿಗೆ ಬೆಲೆ ಮುರಿಯುವುದೂ ಇದಕ್ಕೇ. ಕಡಿಯುವ ಗ್ಯಾಂಗಿಗೆ ಕೆಲಸ ಹಗುರಾಗಲೆಂದು ಹಚ್ಚಿದ ಬೆಂಕಿಯ ಖರ್ಚು ಕೊನೆಗೆ ಬೀಳುವುದು ಬೆಳೆದವನ ತೂಕದ ಚೀಟಿಯ ಮೇಲೆ.