ಸರ್ವಾಧಿಕಾರಿಯ ಪಾತ್ರ: ಅಭಿನಯ ಮೆಚ್ಚಿದರೆ ಅರಸನನ್ನೂ ಮೆಚ್ಚಿದಂತೆಯೇ?

ಮೈಸೂರು: ಇಲ್ಲಿನ ಜಯಲಕ್ಷ್ಮಿಪುರಂ ಬಡಾವಣೆಗೆ ಹೊಂದಿಕೊಂಡಂತಿರುವ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ರಾಷ್ಟ್ರಕವಿ ಕುವೆಂಪು ವಾಸವಾಗಿದ್ದರು. ಆ ಕವಿಯ ಪಾತ್ರವನ್ನು ‘ರಸಋಷಿ ಕುವೆಂಪು’ ಚಿತ್ರದಲ್ಲಿ ನಿರ್ವಹಿಸಿದವರು ಸಿ.ಆರ್. ಸಿಂಹ. ಆದರೆ ಕನ್ನಡ ರಂಗಭೂಮಿಯ ಪ್ರೇಕ್ಷಕರಿಗೆ ಸಿಂಹ ಎಂದೊಡನೆ ಮೊದಲು ನೆನಪಾಗುವುದು ಇನ್ನೊಂದು ಪಾತ್ರ. ಅದು ಗಿರೀಶ ಕಾರ್ನಾಡರ ‘ತುಘಲಕ್’.

ಒಂದೇ ಕಂಠ, ಒಂದೇ ಶರೀರ. ಒಮ್ಮೆ ವಿಶ್ವಮಾನವ ಸಂದೇಶದ ಕವಿ, ಇನ್ನೊಮ್ಮೆ ಪ್ರಜೆಗಳನ್ನು ರಾಜಧಾನಿಯೊಂದಿಗೇ ಕಿತ್ತು ಸಾಗಿಸಿದ ಸುಲ್ತಾನ. ಕವಿಯ ಪಾತ್ರಕ್ಕೆ ಚಪ್ಪಾಳೆ ತಟ್ಟುವಾಗ ಯಾರಿಗೂ ಅಳುಕಿಲ್ಲ. ನಿರಂಕುಶ ಅರಸನ ಪಾತ್ರಕ್ಕೆ ತಟ್ಟುವಾಗ ಮಾತ್ರ ಪ್ರಶ್ನೆ ಏಳುತ್ತದೆ. ಕ್ರೂರಿಯೊಬ್ಬನಿಗೆ ಮನುಷ್ಯನ ಮುಖ ಕೊಡುವುದು ಅವನ ಅಪರಾಧವನ್ನು ಕ್ಷಮಿಸಿದಂತೆ ಆಗುವುದಿಲ್ಲವೇ?

ಬರ್ಲಿನ್ ನೆಲಮಾಳಿಗೆಯ ಹಿಟ್ಲರ್

ಈ ಪ್ರಶ್ನೆ ಜಗತ್ತಿನಾದ್ಯಂತ ಗಟ್ಟಿಯಾಗಿ ಕೇಳಿಬಂದದ್ದು 2004ರಲ್ಲಿ ತೆರೆಕಂಡ ಜರ್ಮನ್ ಚಿತ್ರ ‘ಡೌನ್‌ಫಾಲ್’ ಸಂದರ್ಭದಲ್ಲಿ. ಆಲಿವರ್ ಹಿರ್ಷ್‌ಬೀಗಲ್ ನಿರ್ದೇಶನದ ಈ ಚಿತ್ರ 1945ರ ಏಪ್ರಿಲ್‌ನಲ್ಲಿ ಬರ್ಲಿನ್‌ನ ನೆಲಮಾಳಿಗೆಯಲ್ಲಿ ಹಿಟ್ಲರ್ ಕಳೆದ ಕಡೆಯ ದಿನಗಳನ್ನು ಚಿತ್ರಿಸುತ್ತದೆ. ಮುಖ್ಯ ಪಾತ್ರದಲ್ಲಿದ್ದವರು 2019ರಲ್ಲಿ ನಿಧನರಾದ ಸ್ವಿಟ್ಜರ್ಲೆಂಡ್‌ನ ನಟ ಬ್ರೂನೊ ಗಾಂಜ್.

ಹಿಟ್ಲರ್ ಎಂದರೆ ವೇದಿಕೆಯ ಮೇಲೆ ಅಬ್ಬರಿಸುವ ಧ್ವನಿ ಎಂಬುದಷ್ಟೇ ಸಾಮಾನ್ಯ ಪರಿಚಯ. ಗಾಂಜ್ ಹುಡುಕಿದ್ದು ಖಾಸಗಿ ಧ್ವನಿಯನ್ನು. 1942ರಲ್ಲಿ ಫಿನ್ಲೆಂಡ್‌ನಲ್ಲಿ ಅಲ್ಲಿನ ಸೇನಾನಾಯಕ ಮ್ಯಾನರ್‌ಹೈಮ್ ಜೊತೆ ಹಿಟ್ಲರ್ ಆಡಿದ ಮಾತುಗಳನ್ನು ಗುಟ್ಟಾಗಿ ಮುದ್ರಿಸಿಕೊಳ್ಳಲಾಗಿತ್ತು. ಸುಮಾರು 11 ನಿಮಿಷಗಳ ಆ ಧ್ವನಿಮುದ್ರಿಕೆಯನ್ನು ಅವರು ಅಭ್ಯಾಸ ಮಾಡಿದರು. ನಡುಗುವ ಕೈಯನ್ನು ಅಭಿನಯಿಸಲು ಪಾರ್ಕಿನ್ಸನ್ ರೋಗಿಗಳ ಚಲನವಲನವನ್ನು ಗಮನಿಸಿದರು.

ಪರಿಣಾಮವಾಗಿ ತೆರೆಯ ಮೇಲೆ ಮೂಡಿದ್ದು ಬೆನ್ನು ಬಾಗಿದ, ಕಾರ್ಯದರ್ಶಿಯೊಡನೆ ಮೆಲುದನಿಯಲ್ಲಿ ಮಾತನಾಡುವ, ನಾಯಿಯನ್ನು ನೇವರಿಸುವ ಮುದುಕ. ಅದೇ ಮುದುಕ ಕ್ಷಣದಲ್ಲೇ ಕೆರಳುತ್ತಾನೆ, ಸೋತ ಜರ್ಮನ್ ಪ್ರಜೆಗಳಿಗಾಗಿ ಒಂದು ಹನಿ ಕಣ್ಣೀರೂ ಇಲ್ಲವೆನ್ನುತ್ತಾನೆ. ಅಭಿನಯಕ್ಕೆ ಪ್ರಶಂಸೆಯ ಮಳೆ ಸುರಿಯಿತು, ಚಿತ್ರ ಆಸ್ಕರ್‌ಗೆ ನಾಮಕರಣಗೊಂಡಿತು. ಆದರೆ ಜರ್ಮನಿಯ ಹಿರಿಯ ನಿರ್ದೇಶಕ ವಿಮ್ ವೆಂಡರ್ಸ್ ಚಿತ್ರಕ್ಕೆ ತನ್ನದೇ ಆದ ನಿಲುವಿಲ್ಲವೆಂದು ಕಟುವಾಗಿ ಆಕ್ಷೇಪಿಸಿದರು. ಕಥೆ ನೆಲಮಾಳಿಗೆಯ ಒಳಗೇ ಉಳಿದಾಗ ಹೊರಗೆ ಸತ್ತ ಲಕ್ಷಾಂತರ ಜನರ ಮುಖ ಕಾಣುವುದಿಲ್ಲ ಎಂಬ ಆತಂಕವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ತುಘಲಕ್ ಕಲಿಸಿದ ಪಾಠ

ಕನ್ನಡಿಗರಿಗೆ ಈ ಚರ್ಚೆ ಹೊಸದಲ್ಲ. ಮನಬಂದಂತೆ ನಡೆಯುವ ಆಡಳಿತಕ್ಕೆ ‘ತುಘಲಕ್ ದರ್ಬಾರು’ ಎನ್ನುವುದು ನಮ್ಮ ರೂಢಿ. ಈ ಮಾತಿನಲ್ಲಿ ಸುಲ್ತಾನನೆಂದರೆ ತಿಕ್ಕಲು ದೊರೆ, ಅಷ್ಟೆ. 1325ರಿಂದ 1351ರವರೆಗೆ ಆಳಿದ ಮಹಮದ್ ಬಿನ್ ತುಘಲಕ್ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಬದಲಿಸಿದ್ದು, ಬೆಳ್ಳಿಯ ಬದಲು ಅಗ್ಗದ ಲೋಹದ ನಾಣ್ಯ ಚಲಾವಣೆಗೆ ತಂದದ್ದು ಎಲ್ಲರಿಗೂ ಶಾಲಾ ಪಠ್ಯದಿಂದಲೇ ತಿಳಿದಿದೆ.

1964ರಲ್ಲಿ ಪ್ರಕಟವಾದ ಕಾರ್ನಾಡರ ನಾಟಕ ಈ ಸುಲಭ ತೀರ್ಪನ್ನು ಒಪ್ಪಲಿಲ್ಲ. ಅದರ ಸುಲ್ತಾನ ವಿದ್ವಾಂಸ, ಚದುರಂಗದ ಚತುರ, ಹಿಂದೂ ಮುಸ್ಲಿಮರಿಗೆ ಸಮಾನ ನ್ಯಾಯದ ಕನಸು ಕಂಡವನು. ಆ ಕನಸು ಕೈಗೂಡದಿದ್ದಾಗ ಅಡ್ಡ ಬಂದವರನ್ನೆಲ್ಲ ಅದೇ ಬುದ್ಧಿಯಿಂದ ಮುಗಿಸುತ್ತಾನೆ. ಮಲತಾಯಿಯನ್ನೂ ಬಿಡುವುದಿಲ್ಲ. ನೆಹರೂ ಯುಗದ ಭ್ರಮನಿರಸನದ ಪ್ರತಿಬಿಂಬವಾಗಿಯೂ ವಿಮರ್ಶಕರು ಈ ನಾಟಕವನ್ನು ಓದಿದ್ದಾರೆ.

ಇಲ್ಲಿಯೇ ನಟನ ಹೊಣೆ ಆರಂಭವಾಗುವುದು. ಸುಲ್ತಾನನನ್ನು ಮೊದಲ ದೃಶ್ಯದಿಂದಲೇ ಹುಚ್ಚನಂತೆ ಆಡಿ ತೋರಿಸಿದರೆ ಪ್ರೇಕ್ಷಕ ನಕ್ಕು ಮನೆಗೆ ಹೋಗುತ್ತಾನೆ. ಅವನ ಆದರ್ಶವನ್ನು ನಂಬುವಂತೆ ಆಡಿದರೆ, ಪ್ರೇಕ್ಷಕನೂ ಅವನ ಜೊತೆ ಒಂದಷ್ಟು ದೂರ ನಡೆಯುತ್ತಾನೆ. ಬಳಿಕ ರಕ್ತ ಕಂಡಾಗ, ತಾನೂ ಇಲ್ಲಿಯವರೆಗೆ ಬಂದೆನಲ್ಲ ಎಂದು ಬೆಚ್ಚುತ್ತಾನೆ. 1972ರಲ್ಲಿ ‘ನಟರಂಗ’ ತಂಡವನ್ನು ಕಟ್ಟಿ, 2014ರಲ್ಲಿ ನಿಧನರಾಗುವವರೆಗೂ ರಂಗಭೂಮಿಯ ನಂಟು ಬಿಡದ ಸಿಂಹ ಅವರ ಹೆಸರಿಗೆ ಈ ಪಾತ್ರ ಅಂಟಿಕೊಂಡಿತು. ಮುಂಬೈಯ ಇಂಗ್ಲಿಷ್ ಪ್ರಯೋಗದಲ್ಲಿ ಕಬೀರ್ ಬೇಡಿ, ದೆಹಲಿಯ ಹಿಂದುಸ್ತಾನಿ ಪ್ರಯೋಗದಲ್ಲಿ ಮನೋಹರ ಸಿಂಗ್ ಇದೇ ಪಾತ್ರದಿಂದ ಹೆಸರಾದರು.

ಕಂಬ ಒಡೆದು ಬರುವವರಿಲ್ಲ

ಪುರಾಣದ ದುರುಳರಿಗೂ ಚರಿತ್ರೆಯ ದುರುಳರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ‘ಭಕ್ತ ಪ್ರಹ್ಲಾದ’ (1983) ಚಿತ್ರದಲ್ಲಿ ಡಾ. ರಾಜಕುಮಾರ್ ಹಿರಣ್ಯಕಶಿಪುವಾಗಿ ಮೆರೆದರು. ಅವರ ಅಬ್ಬರವನ್ನು ಪ್ರೇಕ್ಷಕರು ಅಳುಕಿಲ್ಲದೆ ಆನಂದಿಸಿದರು. ಕೊನೆಗೆ ಕಂಬ ಒಡೆದು ನರಸಿಂಹ ಬರುವುದು ಖಚಿತವೆಂದು ಎಲ್ಲರಿಗೂ ಗೊತ್ತು. ತೀರ್ಪು ಕಥೆಯೊಳಗೇ ಇದೆ.

ಚರಿತ್ರೆಯಲ್ಲಿ ಕಂಬ ಒಡೆಯುವುದಿಲ್ಲ. ಹಿಟ್ಲರ್ ನ್ಯಾಯಾಲಯಕ್ಕೆ ಸಿಗದೆ ತಾನೇ ಸತ್ತ. 1972ರಲ್ಲಿ ಭಾರತೀಯ ಮೂಲದ ಸಾವಿರಾರು ಕುಟುಂಬಗಳನ್ನು ಉಗಾಂಡದಿಂದ ಹೊರದಬ್ಬಿದ ಇದಿ ಅಮೀನ್ 2003ರಲ್ಲಿ ಸೌದಿ ಅರೇಬಿಯಾದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕೊನೆಯುಸಿರೆಳೆದ. ಅವನ ಪಾತ್ರಕ್ಕೆ ಆಸ್ಕರ್ ಪಡೆದ ಫಾರೆಸ್ಟ್ ವಿಟೇಕರ್ (‘ದಿ ಲಾಸ್ಟ್ ಕಿಂಗ್ ಆಫ್ ಸ್ಕಾಟ್ಲೆಂಡ್’, 2006) ಮೊದಲು ನಗಿಸಿ, ಮರುಳು ಮಾಡಿ, ಆಮೇಲೆ ಹೆದರಿಸುತ್ತಾರೆ. ಇಂತಹ ಚಿತ್ರಗಳಲ್ಲಿ ತೀರ್ಪು ನೀಡುವ ಕೆಲಸ ಪ್ರೇಕ್ಷಕನ ಪಾಲಿಗೆ ಬರುತ್ತದೆ.

ನೋಡುವಾಗ ಗಮನಿಸಬೇಕಾದದ್ದು

ಹಾಗಾದರೆ ಒಳ್ಳೆಯ ಅಭಿನಯವನ್ನು ವೈಭವೀಕರಣದಿಂದ ಬೇರ್ಪಡಿಸುವುದು ಹೇಗೆ? ಎರಡು ಪ್ರಶ್ನೆಗಳು ನೆರವಾಗಬಲ್ಲವು. ಅರಸನ ಆಜ್ಞೆಯಿಂದ ನೊಂದವರಿಗೆ ಕಥೆಯಲ್ಲಿ ಮುಖ ಮತ್ತು ಮಾತು ಸಿಕ್ಕಿದೆಯೇ? ಅವನ ಮಾತಿಗೆ ತಲೆಯಾಡಿಸಿದ ಸುತ್ತಲಿನವರನ್ನೂ ಕಥೆ ಪ್ರಶ್ನಿಸುತ್ತದೆಯೇ? ‘ಡೌನ್‌ಫಾಲ್’ ಮೊದಲನೆಯದರಲ್ಲಿ ದುರ್ಬಲ. ಎರಡನೆಯದರಲ್ಲಿ ಗಟ್ಟಿ. ತನಗೆ ಆಗ ಚಿಕ್ಕ ವಯಸ್ಸೆಂಬುದು ನೆಪವಾಗದು ಎಂದು ಹಿಟ್ಲರನ ನಿಜವಾದ ಕಾರ್ಯದರ್ಶಿ ಟ್ರಾಡಲ್ ಯೂಂಗೆ ಹೇಳುವುದರೊಂದಿಗೆ ಚಿತ್ರ ಮುಗಿಯುತ್ತದೆ.

ಸರ್ವಾಧಿಕಾರಿಯನ್ನು ರಾಕ್ಷಸನೆಂದು ಕರೆದು ದೂರವಿಡುವುದು ನೆಮ್ಮದಿಯ ದಾರಿ. ರಾಕ್ಷಸರು ನಮ್ಮ ನಡುವೆ ಹುಟ್ಟುವುದಿಲ್ಲ ಎಂದು ನಂಬಬಹುದು. ಒಳ್ಳೆಯ ನಟ ಕಸಿದುಕೊಳ್ಳುವುದು ಆ ನೆಮ್ಮದಿಯನ್ನೇ. ಅವನ ಅಭಿನಯವನ್ನು ಮೆಚ್ಚಿದರೆ ಅರಸನನ್ನು ಮೆಚ್ಚಿದಂತಲ್ಲ. ಅಂತಹವರ ಕೈಗೆ ಅಧಿಕಾರ ಕೊಟ್ಟವರು ನಮ್ಮ ನಿಮ್ಮಂತಹ ಮನುಷ್ಯರೇ ಎಂಬುದನ್ನು ಒಪ್ಪಿಕೊಂಡಂತೆ.